ಬೈಕ್ ಮೈಲೇಜ್: ಮೊದಲು ಅಳತೆ, ಆಮೇಲೆ ಚಕ್ರ, ಕೊನೆಗೆ ಎಂಜಿನ್

ಹೊಸ ಬೈಕ್ ಕೊಂಡವರಿಗೆ ನಮ್ಮಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟು ಕೊಡುತ್ತೆ?’ ಎಂಬುದು. ಆ ಪ್ರಶ್ನೆಯಲ್ಲಿ ಪೆಟ್ರೋಲ್ ಎಂಬ ಪದವೂ ಇಲ್ಲ, ಕಿಲೋಮೀಟರ್ ಎಂಬ ಪದವೂ ಇಲ್ಲ. ಆದರೂ ಅರ್ಥವಾಗದವರು ಯಾರೂ ಇಲ್ಲ. ಉತ್ತರ ಮಾತ್ರ ಬಹಳಷ್ಟು ಸಲ ಅಂದಾಜಿನದಾಗಿರುತ್ತದೆ. ಇನ್ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿ, ಅದು ಎಷ್ಟು ದಿನ ಬಂತು ಎಂದು ನೆನಪಿನಲ್ಲೇ ಲೆಕ್ಕ ಹಾಕಿ ‘ಅರವತ್ತು’ ಎಂದುಬಿಡುತ್ತೇವೆ. ಮುಂದೊಂದು ದಿನ ಅದೇ ಅಂದಾಜು ‘ನಲವತ್ತೈದು’ ಎಂದಾಗ ಮೆಕ್ಯಾನಿಕ್ ಬಳಿಗೆ ಹೋಗುತ್ತೇವೆ. ಅವನು ಪ್ಲಗ್ ಬದಲಿಸುತ್ತಾನೆ, ಟ್ಯೂನಿಂಗ್ ಮಾಡುತ್ತಾನೆ, ದುಡ್ಡು ತೆಗೆದುಕೊಳ್ಳುತ್ತಾನೆ. ಮೈಲೇಜ್ ನಿಜವಾಗಿಯೂ ಇಳಿದಿತ್ತೇ, ಇಳಿದಿದ್ದರೆ ಯಾಕೆ, ಸರಿಯಾಯಿತೇ ಎಂಬುದು ಇಬ್ಬರಿಗೂ ತಿಳಿಯುವುದಿಲ್ಲ.

ಕೆಂಗೇರಿಯಿಂದ ನಾಯಂಡಹಳ್ಳಿ, ಸುಮನಹಳ್ಳಿ, ಗೊರಗುಂಟೆಪಾಳ್ಯದ ಮೇಲೆ ಪೀಣ್ಯಕ್ಕೆ ದಿನವೂ 125 ಸಿಸಿ ಬೈಕಿನಲ್ಲಿ ಹೋಗಿಬರುವ ನಾನು ಹಲವು ವರ್ಷಗಳಿಂದ ಪೆಟ್ರೋಲಿನ ಲೆಕ್ಕವನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ಅದರಿಂದ ಕಲಿತ ಕ್ರಮವನ್ನೇ ಇಲ್ಲಿ ಹೇಳುತ್ತಿದ್ದೇನೆ. ಮೊದಲು ಸರಿಯಾಗಿ ಅಳೆಯಬೇಕು. ನಂತರ ಚಕ್ರಗಳು ಸಲೀಸಾಗಿ ತಿರುಗುತ್ತಿವೆಯೇ ನೋಡಬೇಕು. ಆಮೇಲೆ ನಮ್ಮ ಬಲಗೈಯ ಅಭ್ಯಾಸವನ್ನು ತಿದ್ದಿಕೊಳ್ಳಬೇಕು. ಇವೆಲ್ಲ ಆದ ಮೇಲಷ್ಟೇ ಎಂಜಿನ್ನಿಗೆ ಕೈ ಹಾಕಬೇಕು. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ಉಲ್ಟಾ.

ಕಂಪನಿ ಹೇಳುವ ಅಂಕಿ ಎಲ್ಲಿಯದು

ಕಂಪನಿಯ ಕರಪತ್ರದಲ್ಲಿರುವ ಅಂಕಿ ಸುಳ್ಳಲ್ಲ, ಆದರೆ ಅದು ನಮ್ಮ ರಸ್ತೆಯದೂ ಅಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ, ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್‌6 ನಿಯಮಗಳ ಅಡಿಯಲ್ಲಿ ದ್ವಿಚಕ್ರ ವಾಹನಗಳನ್ನು ಡಬ್ಲ್ಯುಎಂಟಿಸಿ ಎಂಬ ಅಂತಾರಾಷ್ಟ್ರೀಯ ಕ್ರಮದ ಪ್ರಕಾರ ಪರೀಕ್ಷಿಸಲಾಗುತ್ತದೆ. ಪುಣೆಯ ಎಆರ್‌ಎಐಯಂತಹ ಪ್ರಯೋಗಾಲಯದಲ್ಲಿ ಬೈಕಿನ ಚಕ್ರವನ್ನು ರೋಲರ್ ಮೇಲೆ ಓಡಿಸಿ, ಯಾವ ಸೆಕೆಂಡಿಗೆ ಎಷ್ಟು ವೇಗ ಎಂದು ಮೊದಲೇ ನಿಗದಿಯಾದ ನಕ್ಷೆಯಂತೆ ನಡೆಸಿ, ಹೊಗೆಯಲ್ಲಿರುವ ಇಂಗಾಲದ ಪ್ರಮಾಣದಿಂದ ಎಷ್ಟು ಪೆಟ್ರೋಲ್ ಉರಿಯಿತೆಂದು ಲೆಕ್ಕ ಹಾಕುತ್ತಾರೆ. ಸವಾರನ ತೂಕ 75 ಕೆಜಿ ಎಂದು ಹಿಡಿಯಲಾಗುತ್ತದೆ. ಅಲ್ಲಿ ಹಿಂದಿನ ಸೀಟಿನಲ್ಲಿ ಯಾರೂ ಕೂತಿರುವುದಿಲ್ಲ, ಹ್ಯಾಂಡಲ್‌ಗೆ ತರಕಾರಿ ಚೀಲ ತೂಗುವುದಿಲ್ಲ, ಎದುರಿಗೆ ಬಿಎಂಟಿಸಿ ಬಸ್ಸು ತಟ್ಟನೆ ನಿಲ್ಲುವುದಿಲ್ಲ. ಎರಡು ಮಾದರಿಗಳ ನಡುವೆ ಹೋಲಿಸಿ ನೋಡಲು ಆ ಅಂಕಿ ಉಪಯುಕ್ತ. ನಮ್ಮ ತಿಂಗಳ ಖರ್ಚಿನ ಲೆಕ್ಕಕ್ಕೆ ಅಲ್ಲ.

ಮೊದಲ ಹೆಜ್ಜೆ: ಟ್ಯಾಂಕಿನಿಂದ ಟ್ಯಾಂಕಿಗೆ ಅಳೆಯುವುದು

ಮನೆಯ ಹತ್ತಿರದ ಒಂದು ಬಂಕನ್ನು ಗೊತ್ತುಮಾಡಿಕೊಳ್ಳಿ. ಬೈಕನ್ನು ಸಮತಟ್ಟಾದ ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿ ನಿಂತ ಟ್ಯಾಂಕು ಒಂದೊಂದು ಸಲ ಒಂದೊಂದು ಪ್ರಮಾಣ ಹಿಡಿಸುತ್ತದೆ. ಪಂಪಿನ ನಾಝಲ್ ತಾನಾಗಿ ಮೊದಲ ಬಾರಿ ಕಟ್ ಆದ ಕೂಡಲೇ ನಿಲ್ಲಿಸಲು ಹೇಳಿ. ದುಡ್ಡನ್ನು ರೌಂಡ್ ಮಾಡಲು ಇನ್ನೊಂದಿಷ್ಟು ಹಾಕುತ್ತೇನೆಂದು ಹುಡುಗ ಹೇಳಿದರೆ ಬೇಡವೆನ್ನಿ, ಏಕೆಂದರೆ ಇಡೀ ಲೆಕ್ಕ ನಿಂತಿರುವುದು ಮುಂದಿನ ಸಲವೂ ಅದೇ ಮಟ್ಟಕ್ಕೆ ತುಂಬಿಸುವುದರ ಮೇಲೆ. ಕುತ್ತಿಗೆಯವರೆಗೆ ತುಂಬಿಸುವುದು ಬಿಸಿಲಿನಲ್ಲಿ ನಿಲ್ಲುವ ಗಾಡಿಗೆ ಹೇಗೂ ಒಳ್ಳೆಯದಲ್ಲ. ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಟ್ರಿಪ್ ಮೀಟರ್ ಇಲ್ಲದಿದ್ದರೆ ಓಡೋಮೀಟರಿನ ಫೋಟೋ ತೆಗೆದುಕೊಳ್ಳಿ.

ಈಗ ಎಂದಿನಂತೆ ಓಡಿಸಿ. ಟ್ಯಾಂಕಿನ ಮುಕ್ಕಾಲು ಪಾಲಾದರೂ ಖರ್ಚಾದ ಮೇಲೆ ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಅದೇ ರೀತಿ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೆಯ ಸಲ ಹಿಡಿದ ಲೀಟರಿನಿಂದ ಭಾಗಿಸಿ. 412.6 ಕಿಮೀ ಓಡಿ 7.11 ಲೀಟರ್ ಹಿಡಿದರೆ ಮೈಲೇಜ್ 58. ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ಲೀಟರಿನ ಲೆಕ್ಕ ಎರಡು ದಶಾಂಶದವರೆಗೆ ಇರುತ್ತದೆ.

ಒಂದೆರಡು ಲೀಟರಿನಲ್ಲೇ ಯಾಕೆ ಅಳೆಯಬಾರದು ಎಂದರೆ, ಎಷ್ಟೇ ಜಾಗ್ರತೆ ವಹಿಸಿದರೂ ಟ್ಯಾಂಕಿನ ಮಟ್ಟದಲ್ಲಿ ನೂರೈವತ್ತು, ಇನ್ನೂರು ಮಿಲಿಯ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಎರಡು ಲೀಟರಿನ ಲೆಕ್ಕದಲ್ಲಿ 200 ಮಿಲಿ ಎಂದರೆ ಶೇ 10ರಷ್ಟು ತಪ್ಪು. ಏಳು ಲೀಟರಿನಲ್ಲಿ ಅದು ಶೇ 3ಕ್ಕಿಂತ ಕಡಿಮೆ. ಇಷ್ಟಾದರೂ ಒಂದೇ ಟ್ಯಾಂಕನ್ನು ನಂಬಬೇಡಿ. ಸತತ ಮೂರು ಟ್ಯಾಂಕಿನ ಕಿಲೋಮೀಟರನ್ನು ಕೂಡಿಸಿ, ಮೂರರ ಲೀಟರನ್ನೂ ಕೂಡಿಸಿ ಭಾಗಿಸಿದರೆ ಬರುವುದು ನಿಮ್ಮ ಬೈಕಿನ ನಿಜವಾದ ಅಂಕಿ.

ಕಾರ್ಬುರೇಟರ್ ಇರುವ ಹಳೆಯ ಗಾಡಿಗಳಿಗೆ ಇನ್ನೊಂದು ದಾರಿ ಇದೆ. ಓಡುತ್ತಿರುವಾಗ ಎಂಜಿನ್ ತಡವರಿಸಿ ನಾಬನ್ನು ರಿಸರ್ವ್‌ಗೆ ತಿರುಗಿಸಿದ ಜಾಗದ ಕಿಲೋಮೀಟರನ್ನು ಬರೆದುಕೊಂಡು, ಸರಿಯಾಗಿ ಮೂರು ಲೀಟರ್ ಹಾಕಿಸಿ, ನಾಬನ್ನು ಮತ್ತೆ ಆನ್‌ಗೆ ತಂದು, ಮತ್ತೊಮ್ಮೆ ತಡವರಿಸುವವರೆಗೆ ಓಡಿಸಿದರಾಯಿತು. ಬಿಎಸ್‌6ರ ಫ್ಯುಯಲ್ ಇಂಜೆಕ್ಷನ್ (ಕಾರ್ಬುರೇಟರ್ ಬದಲು ಪೆಟ್ರೋಲನ್ನು ಸಿಂಪಡಿಸುವ) ಬೈಕುಗಳಲ್ಲಿ ಈ ಪ್ರಯೋಗ ಬೇಡ. ಅವುಗಳ ಪೆಟ್ರೋಲ್ ಪಂಪ್ ಸಾಮಾನ್ಯವಾಗಿ ಟ್ಯಾಂಕಿನ ಒಳಗೇ ಇದ್ದು, ಸುತ್ತಲಿನ ಪೆಟ್ರೋಲಿನಿಂದಲೇ ತಂಪಾಗುತ್ತದೆ. ಟ್ಯಾಂಕ್ ಒಣಗುವವರೆಗೆ ಓಡಿಸಿ ಪಂಪ್ ಕೆಡಿಸಿಕೊಂಡರೆ ಉಳಿಸಿದ ಪೆಟ್ರೋಲಿನ ಹಲವು ಪಟ್ಟು ಖರ್ಚು ಬರುತ್ತದೆ.

ಡಿಜಿಟಲ್ ಮೀಟರ್ ತೋರಿಸುವ ಸರಾಸರಿಯನ್ನು ನಿನ್ನೆಗೂ ಇಂದಿಗೂ ಹೋಲಿಸಲು ಬಳಸಿ, ಲೆಕ್ಕಕ್ಕೆ ಹಿಡಿಯಬೇಡಿ. ಹಾಗೆಯೇ ಒಮ್ಮೆ ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲುಗಳನ್ನು ನೋಡುತ್ತಾ ಹತ್ತು ಕಿಲೋಮೀಟರ್ ಓಡಿಸಿ, ಓಡೋಮೀಟರ್ ಎಷ್ಟು ತೋರಿಸಿತೆಂದು ತಾಳೆ ನೋಡಿ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದೆಂಬ ನಿಯಮ ಇರುವುದರಿಂದ ಅದು ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಓಡೋಮೀಟರಿನ ತಪ್ಪು ಅಷ್ಟಿರದಿದ್ದರೂ, ಟೈರಿನ ಅಳತೆ ಬದಲಿಸಿದ ಗಾಡಿಯಲ್ಲಿ ಅದನ್ನು ಕಡೆಗಣಿಸುವಂತಿಲ್ಲ.

ಲೆಕ್ಕದ ಇನ್ನೊಂದು ಸೂಕ್ಷ್ಮವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಮೈಲೇಜ್ 60ರಿಂದ 65ಕ್ಕೆ ಏರಿದರೆ ಸಾವಿರ ಕಿಲೋಮೀಟರಿಗೆ ಉಳಿಯುವುದು ಸುಮಾರು 1.3 ಲೀಟರ್. 40ರಿಂದ 45ಕ್ಕೆ ಏರಿದರೆ ಉಳಿಯುವುದು 2.8 ಲೀಟರ್. ಎರಡೂ ಕಡೆ ಏರಿದ್ದು ಐದೇ. ಉಳಿತಾಯ ಮಾತ್ರ ಎರಡು ಪಟ್ಟಿಗೂ ಹೆಚ್ಚು. ಚೆನ್ನಾಗಿ ಕೊಡುತ್ತಿರುವ 100 ಸಿಸಿ ಗಾಡಿಯಿಂದ ಇನ್ನೂ ಐದು ಹಿಂಡುವುದಕ್ಕಿಂತ, ಮನೆಯಲ್ಲಿರುವ 350 ಸಿಸಿ ಬೈಕಿನ ಮೇಲೆ ಅದೇ ಶ್ರಮ ಹಾಕಿದರೆ ಲಾಭ ಹೆಚ್ಚು.

ಪೆಟ್ರೋಲನ್ನು ದೂರುವ ಮುನ್ನ

ಈಗ ಮೈಲೇಜ್ ಇಳಿದರೆ ಎಲ್ಲರ ಬೆರಳು ಮೊದಲು ಹೋಗುವುದು ಎಥನಾಲ್ ಕಡೆಗೆ. ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ, ಭಾರತ ಇಂಧನ ಸಪ್ತಾಹದ ವೇದಿಕೆಯಲ್ಲಿ. 2025ರ ಹೊತ್ತಿಗೆ ಅದೇ ಸಾಮಾನ್ಯ ಪೆಟ್ರೋಲ್ ಆಯಿತು. ಎಥನಾಲ್ ಬೆರೆತರೆ ಮೈಲೇಜ್ ಇಳಿಯುವುದು ನಿಜ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ, ಎಥನಾಲಿನಲ್ಲಿ ಸುಮಾರು 21 ಇರುತ್ತದೆ. ಆ ಪ್ರಕಾರ ಇ20ಯಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 7ರಷ್ಟು, ಹಿಂದೆ ಸಿಗುತ್ತಿದ್ದ ಇ10ಕ್ಕಿಂತ ಶೇ 3.5ರಷ್ಟು ಶಕ್ತಿ ಕಡಿಮೆ. ಎಂದರೆ ಇ10ರಲ್ಲಿ 60 ಕೊಡುತ್ತಿದ್ದ ಬೈಕ್ ಇ20ಯಲ್ಲಿ 58ರ ಆಸುಪಾಸಿಗೆ ಬಂದರೆ ಅದು ನ್ಯಾಯ. ಅದೇ ಬೈಕ್ 45ಕ್ಕೆ ಇಳಿದಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಬಂಕಿನ ಅಳತೆಯ ಮೇಲೆ ಅನುಮಾನವಿದ್ದರೆ ಜಗಳ ಬೇಕಿಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ಐದು ಲೀಟರಿನ ಅಳತೆ ಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕು, ಗ್ರಾಹಕ ಕೇಳಿದರೆ ಅದರಲ್ಲಿ ಹಿಡಿದು ತೋರಿಸಬೇಕು. ಐದು ಲೀಟರಿಗೆ 25 ಮಿಲಿಯವರೆಗಿನ ವ್ಯತ್ಯಾಸಕ್ಕೆ ಮಾತ್ರ ಅವಕಾಶವಿದೆ. ಹೆಚ್ಚಿನ ಆಕ್ಟೇನಿನ ದುಬಾರಿ ಪೆಟ್ರೋಲ್ ಹಾಕಿಸಿದರೆ ಮೈಲೇಜ್ ಏರುತ್ತದೆ ಎಂಬ ನಂಬಿಕೆ ಸಾಮಾನ್ಯ 100, 125 ಸಿಸಿ ಎಂಜಿನ್ನುಗಳ ಮಟ್ಟಿಗೆ ದುಡ್ಡು ದಂಡ. ಆ ಎಂಜಿನ್ನುಗಳು ಅಷ್ಟು ಆಕ್ಟೇನ್ ಕೇಳುವುದೇ ಇಲ್ಲ.

ಎರಡನೆಯ ಹೆಜ್ಜೆ: ಚಕ್ರ ತಿರುಗುತ್ತಿದೆಯೇ?

ಒಂದು ಸರ್ವಿಸ್ ಆದ ಮೇಲೆ ನನ್ನ ಪುಸ್ತಕದ ಅಂಕಿ 58ರಿಂದ 49ಕ್ಕೆ ಬಿತ್ತು. ಮೊದಲ ಟ್ಯಾಂಕಿನಲ್ಲಿ ಅಳತೆ ತಪ್ಪಿರಬೇಕೆಂದುಕೊಂಡೆ, ಎರಡನೆಯದೂ 49. ಬಂಕ್ ಬದಲಿಸಿದೆ, ಪ್ಲಗ್ ಬಿಚ್ಚಿ ನೋಡಿದೆ, ಏರ್ ಫಿಲ್ಟರ್ ತೆಗೆದು ನೋಡಿದೆ, ಎಲ್ಲವೂ ಹೊಸದರಂತೆಯೇ ಇದ್ದವು. ಸರ್ವಿಸ್ ಮಾಡಿದವರನ್ನು ಕೇಳಿದರೆ ‘ಟ್ರಾಫಿಕ್ ಜಾಸ್ತಿ ಸರ್’ ಎಂದರು. ಒಂದು ಭಾನುವಾರ ಸಂಜೆ ತರಕಾರಿ ತಂದು ಮನೆ ಮುಂದೆ ಡಬಲ್ ಸ್ಟ್ಯಾಂಡ್ ಹಾಕುವಾಗ ಕೈ ಹಿಂದಿನ ಚಕ್ರದ ಡ್ರಮ್ಮಿಗೆ ತಾಗಿತು, ಚುರ್ ಎಂದಿತು. ತಣಿದ ಮೇಲೆ ಗೇರನ್ನು ನ್ಯೂಟ್ರಲ್ಲಿಗೆ ತಂದು ಚಕ್ರವನ್ನು ಕೈಯಿಂದ ಜೋರಾಗಿ ತಿರುಗಿಸಿದೆ. ಒಂದು ಸುತ್ತೂ ಪೂರ್ತಿಯಾಗದೆ, ಮರಳು ಕಾಗದ ಉಜ್ಜಿದ ಸದ್ದಿನೊಂದಿಗೆ ನಿಂತಿತು. ‘ಬ್ರೇಕ್ ಚೆನ್ನಾಗಿ ಹಿಡಿಯಲಿ’ ಎಂದು ಹಿಂದಿನ ಬ್ರೇಕ್ ರಾಡಿನ ನಟ್ಟನ್ನು ಯಾರೋ ಬಿಗಿದಿದ್ದರು. ಮೂರು ಸುತ್ತು ಸಡಿಲಿಸಿದೆ. ಮುಂದಿನ ಟ್ಯಾಂಕ್ 57. ಎರಡು ತಿಂಗಳ ಪೆಟ್ರೋಲಿನ ದುಡ್ಡು ಬ್ರೇಕ್ ಲೈನರ್ ಬಿಸಿ ಮಾಡುವುದಕ್ಕೆ ಹೋಗಿತ್ತು!

ಆದ್ದರಿಂದ ತಿಂಗಳಿಗೊಮ್ಮೆ ಈ ಪರೀಕ್ಷೆಯನ್ನು ನೀವೇ ಮಾಡಿ. ಎಂಜಿನ್ ಆಫ್ ಮಾಡಿ, ನ್ಯೂಟ್ರಲ್ಲಿನಲ್ಲಿ ಹಿಂದಿನ ಚಕ್ರವನ್ನು ತಿರುಗಿಸಿ. ಚೈನಿನ ಎಳೆತ ಇರುವುದರಿಂದ ಸೈಕಲ್ ಚಕ್ರದಂತೆ ಬಹಳ ಹೊತ್ತು ತಿರುಗದಿದ್ದರೂ, ಉಜ್ಜುವ ಸದ್ದಿಲ್ಲದೆ ಒಂದೆರಡು ಸುತ್ತಾದರೂ ಬರಬೇಕು. ಬ್ರೇಕ್ ಪೆಡಲ್ ಹಿಡಿತಕ್ಕೆ ಸಿಗುವ ಮುನ್ನ 20ರಿಂದ 30 ಮಿಲಿಮೀಟರಿನಷ್ಟು ಸುಮ್ಮನೆ ಇಳಿಯಬೇಕು. ನಿಖರ ಅಳತೆ ಬೈಕಿನ ಕೈಪಿಡಿಯಲ್ಲಿರುತ್ತದೆ. ಮುಂದಿನ ಚಕ್ರವನ್ನೂ ಎತ್ತಿಸಿ ಹೀಗೆಯೇ ನೋಡಿ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಬೈಕುಗಳಿಗೆ ಸಿಬಿಎಸ್ (ಎರಡೂ ಚಕ್ರದ ಬ್ರೇಕುಗಳನ್ನು ಜೋಡಿಸುವ ವ್ಯವಸ್ಥೆ) ಅಥವಾ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದ್ದರಿಂದ, ಎಬಿಎಸ್ ಇಲ್ಲದ ಇಂತಹ ಗಾಡಿಗಳಲ್ಲಿ ಪೆಡಲ್ ಒತ್ತಿದಾಗ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಅದರ ಕೇಬಲ್ ಬಿಗಿಯಾಗಿದ್ದರೆ ಎರಡೂ ಚಕ್ರಗಳು ಒಟ್ಟಿಗೆ ಎಳೆಯುತ್ತವೆ. ಡಿಸ್ಕ್ ಬ್ರೇಕ್ ಇದ್ದರೆ ಕ್ಯಾಲಿಪರಿನ ಪಿನ್ನುಗಳು ತುಕ್ಕು ಹಿಡಿದು ಪ್ಯಾಡ್ ಹಿಂದಕ್ಕೆ ಬರದೆ ಉಳಿಯುವುದುಂಟು, ಮಳೆಗಾಲ ಮುಗಿದ ಮೇಲೆ ವಿಶೇಷವಾಗಿ.

ಟೈರಿನ ಗಾಳಿ ಇದರಷ್ಟೇ ಮುಖ್ಯ. ಎಷ್ಟು ಗಾಳಿ ಬೇಕೆಂಬುದು ಚೈನ್ ಕವರಿನ ಮೇಲಿನ ಅಥವಾ ಹಿಂದಿನ ಚಕ್ರದ ಬಳಿಯ ಸ್ಟಿಕ್ಕರಿನಲ್ಲಿ ಇರುತ್ತದೆ. ಒಬ್ಬರಿಗೊಂದು, ಇಬ್ಬರಿಗೊಂದು ಅಂಕಿ ಇರುತ್ತದೆ. ಸಾಮಾನ್ಯ 100, 125 ಸಿಸಿ ಬೈಕುಗಳಲ್ಲಿ ಮುಂದಕ್ಕೆ 25 ಪಿಎಸ್‌ಐ ಸುತ್ತಮುತ್ತ, ಒಬ್ಬರೇ ಓಡಿಸುವಾಗ ಹಿಂದಕ್ಕೆ 28ರಿಂದ 33 ಇರುವುದು ರೂಢಿ; ಇಬ್ಬರಾದರೆ ಹಿಂದಕ್ಕೆ ಇನ್ನೂ ಹೆಚ್ಚು ಬೇಕು. ಇಬ್ಬರು ದೊಡ್ಡವರು ಕೂತರೆ ಅವರ ತೂಕವೇ 100 ಸಿಸಿ ಬೈಕಿನ ತೂಕವನ್ನು ಮೀರುತ್ತದೆ ಎಂಬುದನ್ನು ನೆನೆದರೆ ಆ ಎರಡನೆಯ ಅಂಕಿಯ ಅಗತ್ಯ ತಿಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿರುವಾಗ, ಎಂದರೆ ಬೆಳಿಗ್ಗೆ ಮನೆಯಿಂದ ಹೊರಟು ಹತ್ತಿರದ ಬಂಕಿನಲ್ಲೇ ಗಾಳಿ ಹೊಡೆಸಿ. ಹೆಬ್ಬೆರಳಿನಿಂದ ಒತ್ತಿ ‘ಸಾಕು’ ಎನ್ನುವ ಪರೀಕ್ಷೆಯನ್ನು ನಂಬುವುದಕ್ಕಿಂತ ಒಂದು ಸಣ್ಣ ಗೇಜ್ ಕೊಂಡಿಟ್ಟುಕೊಳ್ಳುವುದು ಮೇಲು. ಮೈಲೇಜ್ ಆಸೆಗೆ ನಿಗದಿಗಿಂತ ಹೆಚ್ಚು ಗಾಳಿ ತುಂಬಿದರೆ ಒದ್ದೆ ರಸ್ತೆಯಲ್ಲಿ ಟೈರ್ ಹಿಡಿತ ಬಿಡುತ್ತದೆ; ಆ ಉಳಿತಾಯ ಬೇಡ.

ಮೂರನೆಯದು ಚೈನ್. ಕೆಳಭಾಗದ ಚೈನನ್ನು ಎರಡು ಹಲ್ಲುಚಕ್ರಗಳ ನಡುವೆ ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಬಹುತೇಕ ಸಣ್ಣ ಬೈಕುಗಳಲ್ಲಿ 20ರಿಂದ 30 ಮಿಲಿಮೀಟರ್ ಆಡಬೇಕು. ಪೂರ್ತಿ ಮುಚ್ಚಿದ ಚೈನ್ ಕವರಿನಲ್ಲಿ ಇದಕ್ಕೆಂದೇ ರಬ್ಬರ್ ಮುಚ್ಚಳ ಇರುತ್ತದೆ. ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ನಾಲ್ಕಾರು ಕಡೆ ನೋಡಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು ಇದ್ದರೆ ಚೈನ್ ಸವೆದಿದೆ ಎಂದರ್ಥ. ಬಿಗಿ ಮಾಡಿಸಿದ ಮೇಲೆ ಎರಡೂ ಬದಿಯ ಗುರುತುಗಳು ಒಂದೇ ಗೆರೆಯಲ್ಲಿವೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ಚಕ್ರ ಓರೆಯಾಗಿ ಓಡುತ್ತದೆ. ಐನೂರು ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ನೆನೆದ ಮರುದಿನ ತಪ್ಪದೆ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ 90 ನಂಬರಿನ ಗೇರ್ ಎಣ್ಣೆ ಅಥವಾ ಚೈನ್ ಸ್ಪ್ರೇ ಹಾಕಿ. ಚೈನಿಗೆ ಕೈ ಹಾಕುವಾಗ ಎಂಜಿನ್ ಆಫ್ ಆಗಿರಬೇಕು. ಚಾಲೂ ಇಟ್ಟು ಗೇರಿನಲ್ಲಿ ತಿರುಗಿಸುತ್ತಾ ಎಣ್ಣೆ ಬಿಡಲು ಹೋದರೆ ಬಟ್ಟೆಯ ಜೊತೆ ಬೆರಳೂ ಹಲ್ಲುಚಕ್ರಕ್ಕೆ ಸಿಗುತ್ತದೆ.

ಮೂರನೆಯ ಹೆಜ್ಜೆ: ಬಲಗೈ

ಪೇಟೆಯಲ್ಲಿ ಪೆಟ್ರೋಲಿನ ದೊಡ್ಡ ಪಾಲು ಖರ್ಚಾಗುವುದು ನಿಂತು ಹೊರಡುವುದರಲ್ಲಿ. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಬೈಕ್ 120 ಕೆಜಿ, ಸವಾರ 70 ಕೆಜಿ, ಒಟ್ಟು 190 ಕೆಜಿಯನ್ನು ನಿಂತಲ್ಲಿಂದ 50 ಕಿಮೀ ವೇಗಕ್ಕೆ ತರಲು ಸುಮಾರು 18 ಕಿಲೋಜೂಲ್ ಶಕ್ತಿ ಬೇಕು. ಒಂದು ಮಿಲಿ ಪೆಟ್ರೋಲಿನಲ್ಲಿ ಸುಮಾರು 30 ಕಿಲೋಜೂಲ್ ಇದ್ದರೂ ಅದರ ಕಾಲು ಭಾಗದಷ್ಟೇ ಚಕ್ರಕ್ಕೆ ತಲುಪುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹೀಗಾಗಿ ಒಂದು ಸಲ 50ಕ್ಕೆ ಏರಿಸುವುದಕ್ಕೆ ಎರಡೂವರೆ ಮಿಲಿ ಪೆಟ್ರೋಲ್ ಬೇಕು. ಬ್ರೇಕ್ ಹಿಡಿದ ಕೂಡಲೇ ಅದಷ್ಟೂ ಬ್ರೇಕ್ ಲೈನರಿನಲ್ಲಿ ಶಾಖವಾಗಿ ಹೋಯಿತು. ಕೆಂಗೇರಿಯಿಂದ ಪೀಣ್ಯದವರೆಗಿನ ಇಪ್ಪತ್ತು ಕಿಲೋಮೀಟರಿನಲ್ಲಿ ಹಂಪು, ಸಿಗ್ನಲ್, ಬಸ್ಸು ಎಲ್ಲ ಸೇರಿ ನಲವತ್ತು ಸಲ ಹೀಗಾದರೆ 100 ಮಿಲಿ. ಲೀಟರಿಗೆ 60 ಕೊಡುವ ಬೈಕ್ ಅಷ್ಟು ದೂರಕ್ಕೆ ಒಟ್ಟು ಕುಡಿಯುವುದೇ 330 ಮಿಲಿ.

ಇಲ್ಲಿ ವೇಗದ ಪಾತ್ರ ದೊಡ್ಡದು. ಎರಡು ಹಂಪುಗಳ ನಡುವೆ 40ಕ್ಕೆ ಏರಿಸಿ ಇಳಿಸಿದರೆ ಸುಮಾರು 1.6 ಮಿಲಿ, 60ಕ್ಕೆ ಏರಿಸಿ ಇಳಿಸಿದರೆ 3.5 ಮಿಲಿ. ವೇಗ ಒಂದೂವರೆ ಪಟ್ಟಾದರೆ ಖರ್ಚು ಎರಡು ಪಟ್ಟು ಮೀರುತ್ತದೆ, ಮುಂದಿನ ಹಂಪಿನ ಬಳಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ನಿಂತಿರುತ್ತಾರೆ. ದೂರದಲ್ಲಿ ಸಿಗ್ನಲ್ ಕೆಂಪಾಗಿದ್ದು ಕಂಡರೆ ಅಲ್ಲಿಂದಲೇ ಎಕ್ಸಿಲರೇಟರ್ ಬಿಡಿ. ಗೇರಿನಲ್ಲೇ ಉರುಳುತ್ತಾ ಹೋದರೆ ಎಷ್ಟೋ ಸಲ ನಿಲ್ಲುವ ಮುನ್ನವೇ ಹಸಿರಾಗುತ್ತದೆ. ನಾನು ಒಂದು ತಿಂಗಳು ಈ ಒಂದೇ ಅಭ್ಯಾಸವನ್ನು ಗಮನವಿಟ್ಟು ಪಾಲಿಸಿದೆ. ಮೈಲೇಜ್ 4 ಏರಿತು, ಕಚೇರಿಗೆ ತಲುಪುವ ಹೊತ್ತು ಎರಡು ನಿಮಿಷವೂ ಹೆಚ್ಚಲಿಲ್ಲ.

ಗೇರುಗಳನ್ನು ಬೇಗ ಏರಿಸಿ. ಎಂಜಿನ್ನನ್ನು ಕೂಗಿಸುತ್ತಾ ಎರಡನೆಯ ಗೇರಿನಲ್ಲೇ 40 ಮುಟ್ಟಿಸುವುದು ದಂಡ; ಹಾಗೆಂದು ನಾಲ್ಕನೆಯ ಗೇರಿನಲ್ಲಿ 20ಕ್ಕೆ ಇಳಿದು ಎಂಜಿನ್ ನಡುಗುತ್ತಿರುವಾಗಲೂ ಗೇರ್ ಇಳಿಸದಿರುವುದು ಪೆಟ್ರೋಲನ್ನೂ ಉಳಿಸುವುದಿಲ್ಲ, ಎಂಜಿನ್ನಿಗೂ ಒಳ್ಳೆಯದಲ್ಲ. ಹೆಚ್ಚುಕಡಿಮೆ 15ಕ್ಕೆ ಎರಡು, 25ಕ್ಕೆ ಮೂರು, 35ಕ್ಕೆ ನಾಲ್ಕು ಎಂಬುದು ಸಮತಟ್ಟು ರಸ್ತೆಯಲ್ಲಿ ಸಣ್ಣ ಬೈಕುಗಳಿಗೆ ಹೊಂದುವ ಕ್ರಮ; ಏರುದಾರಿಯಲ್ಲಿ ಎಂಜಿನ್ನಿನ ಸದ್ದೇ ಗುರು. ಎಡಗೈಯ ಬೆರಳುಗಳನ್ನು ಕ್ಲಚ್ ಮೇಲೆ, ಬಲಗಾಲನ್ನು ಬ್ರೇಕ್ ಪೆಡಲ್ ಮೇಲೆ ಇಟ್ಟೇ ಓಡಿಸುವ ಚಾಳಿ ಬಹಳ ಜನರಿಗಿದೆ. ಸ್ವಲ್ಪವೇ ಒತ್ತಿದರೂ ಒಂದು ಕಡೆ ಕ್ಲಚ್ ಜಾರುತ್ತದೆ, ಇನ್ನೊಂದು ಕಡೆ ಬ್ರೇಕ್ ಉಜ್ಜುತ್ತದೆ. ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದ ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಿ. ಸೆಕೆಂಡುಗಳ ಎಣಿಕೆ ತೋರಿಸುವ ಕಡೆ ಇದು ಸುಲಭ, ಸೆಲ್ಫ್ ಸ್ಟಾರ್ಟ್ ಕೈಕೊಡುವ ಗಾಡಿಯಲ್ಲಿ ಹಿಂದಿನವರ ಹಾರನ್ ಕೇಳುವ ಧೈರ್ಯ ಬೇಕು.

ತಣ್ಣಗಿರುವ ಎಂಜಿನ್ ಹೆಚ್ಚು ಪೆಟ್ರೋಲ್ ಕೇಳುತ್ತದೆ. ಹಾಲು ತರಲು ಒಂದು ಕಿಲೋಮೀಟರ್, ಮತ್ತೆ ಮಗುವನ್ನು ಶಾಲೆಗೆ ಬಿಡಲು ಒಂದೂವರೆ ಕಿಲೋಮೀಟರ್ ಎಂದು ಬಿಡಿಬಿಡಿಯಾಗಿ ಓಡುವ ಗಾಡಿ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಅಂತಹವರ ಮೈಲೇಜನ್ನು ದಿನಕ್ಕೆ ನಲವತ್ತು ಕಿಲೋಮೀಟರ್ ಓಡಿಸುವವರ ಮೈಲೇಜಿನೊಂದಿಗೆ ಹೋಲಿಸುವುದು ಸರಿಯಲ್ಲ. ಬೆಳಿಗ್ಗೆ ಹೊರಡುವ ಮುನ್ನ ಐದು ನಿಮಿಷ ರೈಸ್ ಮಾಡುತ್ತಾ ನಿಲ್ಲುವ ಅಗತ್ಯವೂ ಇಲ್ಲ. ಸ್ಟಾರ್ಟ್ ಮಾಡಿ, ಹೆಲ್ಮೆಟ್ ಬಿಗಿದು, ಮೊದಲ ಒಂದು ಕಿಲೋಮೀಟರ್ ನಿಧಾನವಾಗಿ ಹೋದರೆ ಸಾಕು.

ಹೆದ್ದಾರಿ ಮತ್ತು ಘಾಟಿ

ಹೆದ್ದಾರಿಯಲ್ಲಿ ಶತ್ರು ಗಾಳಿ. ಅದರ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 50ರಲ್ಲಿ ಇದ್ದ ತಡೆ 80ರಲ್ಲಿ ಎರಡೂವರೆ ಪಟ್ಟಾಗುತ್ತದೆ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣದ ಮೇಲೆ ಹಾಸನಕ್ಕೆ 55ರ ಆಸುಪಾಸಿನಲ್ಲಿ ಹೋದಾಗ ನನ್ನ ಬೈಕ್ 66 ಕೊಟ್ಟಿದೆ, ಅವಸರದಲ್ಲಿ 80ರಲ್ಲಿ ಹೋದಾಗ ಅದೇ ದಾರಿಯಲ್ಲಿ 52. ದೊಡ್ಡ ಬ್ಯಾಗನ್ನು ಎರಡು ಬದಿಗೆ ಇಳಿಬಿಡುವುದಕ್ಕಿಂತ ನಮ್ಮ ಬೆನ್ನ ಹಿಂದೆ, ಗಾಳಿಗೆ ಮರೆಯಾಗುವಂತೆ ಕಟ್ಟಿದರೆ ಒಳ್ಳೆಯದು. ಗುಂಡಿ ಹಾಕದ ಜಾಕೆಟ್ ಗಾಳಿಗೆ ಉಬ್ಬಿದರೂ ಪೆಟ್ರೋಲ್ ಖರ್ಚೇ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯ ತಿರುವು, ಹಂಪುಗಳ ನಡುವೆ ಹೋಗಬೇಕಾದ್ದರಿಂದ ಅಲ್ಲಿ ಹೆದ್ದಾರಿಯ ಮೈಲೇಜ್ ನಿರೀಕ್ಷಿಸಬೇಡಿ.

ಶಿರಾಡಿ, ಚಾರ್ಮಾಡಿಯಂತಹ ಘಾಟಿ ಇಳಿಯುವಾಗ ಎಂಜಿನ್ ಆಫ್ ಮಾಡಿ ನ್ಯೂಟ್ರಲ್ಲಿನಲ್ಲಿ ಬಿಡುವವರನ್ನು ಈಗಲೂ ಕಾಣುತ್ತೇವೆ. ಇದು ಅಪಾಯ ಮಾತ್ರವಲ್ಲ, ಫ್ಯುಯಲ್ ಇಂಜೆಕ್ಷನ್ ಬೈಕುಗಳಲ್ಲಿ ಅನವಶ್ಯಕ ಕೂಡ. ಗೇರಿನಲ್ಲಿದ್ದು ಎಕ್ಸಿಲರೇಟರ್ ಪೂರ್ತಿ ಬಿಟ್ಟಾಗ, ಎಂಜಿನ್ ಒಂದು ಮಟ್ಟಕ್ಕಿಂತ ಹೆಚ್ಚು ತಿರುಗುತ್ತಿದ್ದರೆ ಇಂತಹ ಬೈಕುಗಳಲ್ಲಿ ಸಾಮಾನ್ಯವಾಗಿ ಪೆಟ್ರೋಲ್ ಸಿಂಪಡಣೆ ತಾನಾಗಿ ನಿಲ್ಲುತ್ತದೆ. ಎಂಜಿನ್ನಿನ ಹಿಡಿತವೂ ಸಿಗುತ್ತದೆ, ಬ್ರೇಕೂ ಕಾಯುವುದಿಲ್ಲ.

ಕೊನೆಯ ಹೆಜ್ಜೆ: ಎಂಜಿನ್

ಎಣ್ಣೆಯ ವಿಷಯದಲ್ಲಿ ಕೈಪಿಡಿ ಹೇಳಿದ ದರ್ಜೆಗೇ ಅಂಟಿಕೊಳ್ಳಿ. 10ಡಬ್ಲ್ಯು-30 ಕೇಳುವ ಎಂಜಿನ್ನಿಗೆ ‘ಗಟ್ಟಿ ಎಣ್ಣೆ ಬಾಳಿಕೆ’ ಎಂದು 20ಡಬ್ಲ್ಯು-50 ಹಾಕಿಸಿದರೆ ಎಂಜಿನ್ ಆ ದಪ್ಪ ಎಣ್ಣೆಯನ್ನು ಕಡೆಯುವುದಕ್ಕೇ ಪೆಟ್ರೋಲ್ ಸುಡುತ್ತದೆ. ಬೈಕಿನ ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ ಡಬ್ಬದ ಮೇಲೆ ಜೆಎಎಸ್‌ಒ ಎಂಎ ಅಥವಾ ಎಂಎ2 ಎಂದು ಇರಬೇಕು. ಕಾರಿನ ಎಣ್ಣೆ ಹಾಕಿ ಕ್ಲಚ್ ಜಾರಿದರೆ, ರೈಸ್ ಮಾಡಿದಾಗ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಏರ್ ಫಿಲ್ಟರಿನಲ್ಲಿ ಎಣ್ಣೆ ಸವರಿದ ಕಾಗದದ ಬಗೆಯದನ್ನು ಗಾಳಿ ಹೊಡೆದು ಸ್ವಚ್ಛಗೊಳಿಸಬಾರದು, ಬದಲಿಸಬೇಕು. ಸ್ಪಂಜಿನದನ್ನು ತೊಳೆದು ಬಳಸಬಹುದು. ಟ್ಯಾಪೆಟ್ (ಎಂಜಿನ್ ವಾಲ್ವಿನ ಸಂದು) ಮತ್ತು ಪ್ಲಗ್ಗನ್ನು ಸರ್ವಿಸ್ ವೇಳಾಪಟ್ಟಿಯಂತೆ ನೋಡಿಸಿದರೆ ಸಾಕು. ಕಾರ್ಬುರೇಟರ್ ಗಾಡಿಯಲ್ಲಿ ಚೋಕ್ ಪೂರ್ತಿ ಹಿಂದಕ್ಕೆ ಬರುತ್ತಿದೆಯೇ, ರಾತ್ರಿ ನಿಂತ ಜಾಗದಲ್ಲಿ ಪೆಟ್ರೋಲ್ ಹನಿ ಬೀಳುತ್ತಿದೆಯೇ ಎಂದು ಗಮನಿಸಿ.

ಮೈಲೇಜಿಗಾಗಿ ಗಾಳಿ ಸ್ಕ್ರೂ ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿಕೊಡುತ್ತೇನೆ ಎನ್ನುವವರಿಗೆ ಗಾಡಿ ಕೊಡಬೇಡಿ. ಮಿಶ್ರಣ ತೆಳುವಾದರೆ ಎಂಜಿನ್ ಅತಿಯಾಗಿ ಕಾಯುತ್ತದೆ, ಎಳೆತ ಕಡಿಮೆಯಾಗಿ ನೀವೇ ಹೆಚ್ಚು ರೈಸ್ ಮಾಡುತ್ತೀರಿ. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆಗಳ ದುಡ್ಡಿಗೆ ಒಂದು ಒಳ್ಳೆಯ ಗಾಳಿ ಗೇಜ್ ಬರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಅಂಕಿ ಏರದಿದ್ದರೆ ಸರ್ವಿಸ್ ಸೆಂಟರಿಗೆ ಹೋಗಿ, ಆದರೆ ‘ಮೈಲೇಜ್ ಬರುತ್ತಿಲ್ಲ’ ಎಂದಷ್ಟೇ ಹೇಳಬೇಡಿ. ಮೂರು ಟ್ಯಾಂಕಿನ ದಿನಾಂಕ, ಕಿಲೋಮೀಟರ್, ಲೀಟರ್, ಬಿಲ್ ತೋರಿಸಿ. ಮೊದಲು ಎಷ್ಟಿತ್ತು, ಯಾವಾಗಿನಿಂದ ಇಳಿಯಿತು ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಗಾಡಿ ವಾಪಸ್ ಬಂದಾಗ ಅಲ್ಲೇ ಡಬಲ್ ಸ್ಟ್ಯಾಂಡ್ ಹಾಕಿಸಿ, ಅವರೆದುರಿಗೇ ಹಿಂದಿನ ಚಕ್ರವನ್ನು ಒಮ್ಮೆ ಕೈಯಿಂದ ತಿರುಗಿಸಿ ನೋಡಿ ಹೊರಡಿ.